ಮೊದಲು ಓಗೊಟ್ಟ ಕಿಟಕಿ

ಟಾಂಪೆರೆಯಲ್ಲಿ ಡಿಸೆಂಬರ್ ತಿಂಗಳು
ಮಧ್ಯಾಹ್ನ ಮೂರಕ್ಕೇ ದೀಪ ಹಾಕುತ್ತಾರೆ.
ಹಳೆಯ ನೂಲಿನ ಗಿರಣಿಯ ಮೂರನೇ ಮಹಡಿ.
ಕೆಳಗೆ ಇಟ್ಟಿಗೆ ಗೋಡೆಗಳ ನಡುವೆ ಧುಮುಕುವ ಹೊಳೆ,
ಮೇಲೆ ಆರು ಜನ, ಕಾಫಿ,
ಹೆಪ್ಪುಗಟ್ಟಿದ ಸರೋವರದ ಮೇಲೆ ಅಂಚೆ ಹಂಚುವ ಹುಡುಗಿಯ
ಒಂದು ಆಟ, ಎರಡು ವರ್ಷದಿಂದ ಮುಗಿಯದ್ದು.

ಏಜೆಂಟಿಗೆ ನಾವು ಹೆಸರಿಟ್ಟಿಲ್ಲ.
ಇಟ್ಟರೆ ಬೈಯುವುದು ಕಷ್ಟ ಎಂದಿದ್ದಳು ಹಿಲ್ಕಾ.

ಸೋಮವಾರ ಅವಳು ಬರೆದದ್ದು ಒಂದೇ ಸಾಲು:
ದಡದ ಮರ ತೆಗೆ, ನೋಟಕ್ಕೆ ಅಡ್ಡ.
ತೆಗೆಯಿತು. ಚೊಕ್ಕವಾಗಿ ತೆಗೆಯಿತು.
ನಾನೂರ ಹನ್ನೆರಡು ಬರ್ಚ್ ಮರ ಎಂದು
ಲೆಕ್ಕವನ್ನೂ ಒಪ್ಪಿಸಿತು.
ಹಿಲ್ಕಾಳ ಪರದೆಯಲ್ಲಿ ಮಾತ್ರ
ಒಂದೆಲೆಯೂ ಅಲುಗಿರಲಿಲ್ಲ.

ಹಿಂದಿನ ಕೋಣೆಯ ದೊಡ್ಡ ಯಂತ್ರದಲ್ಲಿ
ಎಲ್ಲರ ಎಡಿಟರೂ ಒಟ್ಟಿಗೇ ಓಡುತ್ತವೆ,
ಒಂದೇ ಆಟ, ಒಂದೇ ಹೆಸರು, ಬೇರೆ ಬೇರೆ ಕಿಟಕಿ.
ಅವತ್ತು ಬೆಳಗ್ಗೆ ಎಲ್ಲರಿಗಿಂತ ಮೊದಲು ತೆರೆದವನು ಔಲಿಸ್.
ಆಗ ಅವನು ಚೌಕದಲ್ಲಿ ನಿಂತು
ಲಿಂಗನ್ ಹಣ್ಣಿನ ಗೊಜ್ಜಿನ ಜೊತೆ
ಕರಿ ಸಾಸೇಜ್ ತಿನ್ನುತ್ತಿದ್ದ.

ಒಂಬತ್ತು ದಿನ ನೆಟ್ಟ ಕಾಡು. ಸೇವ್ ಮಾಡಿರಲಿಲ್ಲ.
ಬಂದವನು ಕೈಗವಸು ಕೂಡ ಬಿಚ್ಚದೆ
ಅನ್‌ಡೂ ಒತ್ತಿದ, ಒತ್ತಿದ.
ಅರವತ್ತು ಮರ ಎದ್ದು ನಿಂತವು.
ಆಮೇಲೆ ಯಂತ್ರದ ನೆನಪು ತೀರಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಆದರೆ ಬರೆ ಹಾಕಿದ ಕೈಯನ್ನು ಹೇಗೆ ದೂರಲಿ?
ಕೊಟ್ಟಿಗೆಯಲ್ಲಿ ದನ ಎಷ್ಟು ಎಂದು
ನಾವು ಅದಕ್ಕೆ ಹೇಳಿಯೇ ಇರಲಿಲ್ಲ.
ಕತ್ತಲಲ್ಲಿ ಕೂಗಿತು,
ಮೊದಲು ಓಗೊಟ್ಟ ಕಿಟಕಿಯೇ
ಅದರ ಪಾಲಿಗೆ ಇದ್ದೊಂದು ಲೋಕ.

ಔಲಿಸ್ ಏನೂ ಅನ್ನಲಿಲ್ಲ.
ಕಪ್ಪು ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ.

ಎರಡು ರಾತ್ರಿ ಕೂತು ನಾನು ಬರೆದೆ.
ದೊಡ್ಡದೇನಲ್ಲ, ಒಂದು ಪಟ್ಟಿ:
ಎಷ್ಟು ಕಿಟಕಿ ತೆರೆದಿದೆ, ಯಾರದು, ಯಾವ ದೃಶ್ಯ,
ಕೊನೆಗೆ ಮೌಸ್ ಅಲುಗಿದ್ದು ಎಷ್ಟು ಹೊತ್ತಿಗೆ,
ಸೇವ್ ಆಗದೆ ಉಳಿದದ್ದು ಇದೆಯೇ.
ಕೆಳಗೆ ಏಜೆಂಟಿಗೆ ನಾಲ್ಕು ಮಾತು.
ನೋಡು. ಆರಿಸು.
ಆರಿಸಿದ್ದನ್ನು ಬಾಯಿಬಿಟ್ಟು ಹೇಳು.
ಆಮೇಲೆ ಮುಟ್ಟು.

ಬರೆಯುತ್ತಾ ನಗು ಬಂತು.
ಇಷ್ಟನ್ನು ನನಗೆ ಯಾರಾದರೂ
ಇಪ್ಪತ್ತರ ಹರೆಯದಲ್ಲಿ ಹೇಳಬಹುದಿತ್ತು.

ಗುರುವಾರ ಹಿಲ್ಕಾ ಅದೇ ಸಾಲನ್ನು ಮತ್ತೆ ಬರೆದಳು.
ಎಲ್ಲರೂ ಅವಳ ಕುರ್ಚಿಯ ಹಿಂದೆ.
ಔಲಿಸ್ ಮಾತ್ರ ತನ್ನ ಜಾಗ ಬಿಡಲಿಲ್ಲ.

ಅದು ಹೇಳಿತು:
ಮೂರು ತೆರೆದಿವೆ.
ಮೊದಲನೆಯದು ಔಲಿಸ್ ಅವರದು,
ಆರು ನಿಮಿಷದ ಹಿಂದೆ ಒಂದು ಮರ ನೆಟ್ಟಿದ್ದಾರೆ,
ಇನ್ನೂ ಸೇವ್ ಆಗಿಲ್ಲ. ಅತ್ತ ಹೋಗುವುದಿಲ್ಲ.
ಎರಡನೆಯದು ಹಿಲ್ಕಾ ಅವರದು, ಅದನ್ನು ಆರಿಸಿದ್ದೇನೆ.
ದಡದಲ್ಲಿ ಹತ್ತೊಂಬತ್ತು ಮರ, ತೆಗೆಯಲೇ?
ಮೂರನೆಯದಕ್ಕೆ ಹೆಸರಿಲ್ಲ.
ಹನ್ನೊಂದು ದಿನದಿಂದ ಯಾರೂ ಮುಟ್ಟಿಲ್ಲ.
ಅದು ಯಾರದು?

ಯಾರದು ಎಂದಳು ಹಿಲ್ಕಾ. ಯಾರದೋ ಎಂದರು ಉಳಿದವರು.
ನಾನು ಕೀಬೋರ್ಡಿನ ಸಂದಿಯ ಪುಡಿ ಊದಿದೆ.

ಅಲ್ಲಿ ಹುಡುಗಿಯಿಲ್ಲ, ಅಂಚೆಯಿಲ್ಲ.
ಬರಿಯ ನೆಲ, ಒಂದು ಬೆಂಚು,
ಜುಲೈ ತಿಂಗಳ ರಾತ್ರಿ ಹನ್ನೊಂದರ ಓರೆ ಬಿಸಿಲು.
ಊಟದ ಹೊತ್ತಿನಲ್ಲಿ ತೆರೆದು
ಹತ್ತು ನಿಮಿಷ ನೋಡಿ
ಮುಚ್ಚಲು ಮರೆತಿದ್ದೆ. ಮರೆತಿರಲಿಲ್ಲ.

ಎಲ್ಲರೂ ಕೋಟು ಹಾಕಿಕೊಂಡು ಹೋದ ಮೇಲೆ
ಮೂರನೆಯದನ್ನು ಮುಟ್ಟಬೇಡ ಎಂದು ಬರೆದೆ.
ಸರಿ ಎಂದಿತು, ಕಾರಣ ಕೇಳಲಿಲ್ಲ.
ಔಲಿಸ್‌ನ ದಡದಲ್ಲಿ ಈಗ ತೊಂಬತ್ತೇಳು ಮರ,
ಮೊದಲಿನಷ್ಟು ಒತ್ತಾಗಿಲ್ಲ,
ಸಂದಿನಲ್ಲಿ ನೀರು ಕಾಣುತ್ತದೆ.

ಪಟ್ಟಿಯಲ್ಲಿ 'ಯಾರದು' ಎನ್ನುವ ಅಂಕಣ
ಒಂದು ಕಡೆ ಇನ್ನೂ ಖಾಲಿ.