ಖಾಲಿ ತೂಕ

ಹದಿನೆಂಟು ಪುಟ. ಕೊನೆಯಲ್ಲಿ ನನ್ನ ಸಹಿಗೆ
ಒಂದು ಗೆರೆ, ಸಾಕ್ಷಿಗೆ ಇನ್ನೊಂದು.
ಮೈಸೂರಿನ ಆಸ್ಪತ್ರೆಯಿಂದ ಮಂಡ್ಯಕ್ಕೆ ಬರುವ
ಸಂಜೆಯ ಪ್ಯಾಸೆಂಜರಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ನಾಗನಹಳ್ಳಿ ದಾಟುವಷ್ಟರಲ್ಲಿ ಮೂರನೇ ಪುಟ.
ಶ್ರೀರಂಗಪಟ್ಟಣದ ಸೇತುವೆ ಮೇಲೆ
ಹೊಳೆ ನೋಡುತ್ತ ಐದನೆಯದನ್ನು ಓದಲಿಲ್ಲ.

'ಯಾದೃಚ್ಛಿಕ' ಅಂತ ಒಂದು ಪದ.
ಐವತ್ತೆಂಟು ವರ್ಷ ಕನ್ನಡದಲ್ಲೇ ಬದುಕಿದವನು,
ಅದರ ಮುಖ ಕಂಡಿರಲಿಲ್ಲ.
ಅರ್ಥ ಹೇಳಿದವಳು ರುಹೀನಾ, ಫೈಲು ಹಿಡಿದು
ಮಂಚದ ತುದಿಯಲ್ಲಿ ಕೂತ ಹುಡುಗಿ:
'ಚೀಟಿ ಎತ್ತಿದ ಹಾಗೆ ಸರ್. ಕಂಪ್ಯೂಟರೇ ಎತ್ತುತ್ತೆ.
ಅರ್ಧ ಜನಕ್ಕೆ ಈಗಿರೋ ಔಷಧಿ,
ಇನ್ನರ್ಧಕ್ಕೆ ಅದರ ಜೊತೆ ಹೊಸದು.
ಯಾವುದು ಮೇಲು ಅಂತ ನಮಗಿನ್ನೂ ಗೊತ್ತಿಲ್ಲ.
ಗೊತ್ತಿದ್ದಿದ್ರೆ ಕೇಳ್ತಾನೇ ಇರಲಿಲ್ಲ.'

ಗೊತ್ತಿಲ್ಲ ಅಂದದ್ದು ಹಿಡಿಸಿತು.
ರಕ್ತಕ್ಕೆ ಕ್ಯಾನ್ಸರ್ ಅಂದ ದಿನದಿಂದ
ನೆಂಟರೆಲ್ಲರಿಗೂ ಎಲ್ಲವೂ ಗೊತ್ತು.

ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನ ಕಿಟಕಿಯಲ್ಲಿ
ಇಪ್ಪತ್ತೊಂಬತ್ತು ಹಂಗಾಮು ಕೂತವನು ನಾನು.
ಕಬ್ಬಿನ ಗಾಡಿ ಬಂದು ನಿಂತರೆ ಲೋಡು ತೂಕ,
ಯಾರ್ಡಿನಲ್ಲಿ ಸುರಿದು ಮರಳಿದರೆ ಖಾಲಿ ತೂಕ.
ಕಳೆದಾಗ ಉಳಿದದ್ದೇ ಕಬ್ಬು.
ಸುರಿಯೋ ಮುಂಚೇನೇ ಎಷ್ಟಿದೆ ಹೇಳಿ ಸ್ವಾಮಿ, ಅಂತ
ಕೇಳದವರಿಲ್ಲ. ಎಲ್ಲರಿಗೂ ಅದೇ ಉತ್ತರ:
ಖಾಲಿ ಮಾಡ್ಕಂಡ್ ಬಾ, ಆಮೇಲೆ ಹೇಳ್ತೀನಿ.

ಈಗ ನಾನು ಕಿಟಕಿಯ ಆಚೆ.

ಚಿಕ್ಕತಾಯಿ ರಾತ್ರಿ ಮುದ್ದೆ ಕಟ್ಟುತ್ತ
'ಬ್ಯಾಡಿ ಕಣಿ, ನಿಮ್ಮ ಇಲಿ ಮಾಡ್ತರೆ' ಅಂದಳು.
ಉಂಡ ಮೇಲೆ ತಟ್ಟೆ ತೊಳೆಯುತ್ತ
'ಹೊಸದೇ ಸಿಗೋ ಹಂಗೆ ಆ ಹುಡ್ಗಿಗೆ
ಹೇಳಕಾಗಕಿಲ್ವಾ?' ಅಂದಳು.
ಇಬ್ಬರೂ ಅವಳೇ, ಒಂದೇ ಗಂಟೆಯೊಳಗೆ.
ನನ್ನೊಳಗೂ ಅವರಿಬ್ಬರೂ ಇದ್ದಾರೆ,
ತಟ್ಟೆ ಮಾತ್ರ ತೊಳೆಯುವುದಿಲ್ಲ.

ಹನ್ನೊಂದನೇ ಪುಟ: ವಾಂತಿ, ಜ್ವರ, ಯಕೃತ್ತಿಗೆ ಹಾನಿ,
'ಇದುವರೆಗೆ ತಿಳಿಯದ ತೊಂದರೆಗಳು',
'ವಿರಳವಾಗಿ, ಸಾವು'.
ವಿರಳ ಅಂದರೆ ಎಷ್ಟು? ಟನ್ನಿಗೆ ಎಷ್ಟು ಕೆ.ಜಿ.?
ಅದರ ಕೆಳಗೆ, ದಪ್ಪ ಅಕ್ಷರದಲ್ಲಿ:
ಕಾರಣ ಹೇಳದೆ ಯಾವಾಗ ಬೇಕಾದರೂ ನೀವು ಬಿಟ್ಟುಹೋಗಬಹುದು.
ಪ್ರಯೋಗ ಬಿಡಬಹುದು, ಸರಿ.
ಕಾಯಿಲೆ ಬಿಡಲು ಯಾವ ಪುಟದಲ್ಲಿ ಸಹಿ?

ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯವರು
ಲಾರಿಯಲ್ಲಿ ಕಬ್ಬಿಣದ ಕಲ್ಲು ತರುತ್ತಿದ್ದರು,
ಇಪ್ಪತ್ತಿಪ್ಪತ್ತು ಕೆ.ಜಿ.ಯವು, ಹಿಡಿ ಸವೆದವು.
ಅವನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ.
ಹೇರುವುದು, ಮುಳ್ಳು ನೋಡುವುದು, ಇಳಿಸುವುದು.
ಅಷ್ಟಾದರೆ ಆ ವರ್ಷ ಬಂದವರೆಲ್ಲರ ಕಬ್ಬೂ ಸರಿಯಾಗಿ ತೂಗುತ್ತದೆ.

ನಿನ್ನೆ ಅದು ನೆನಪಾಗಿ ಎದೆ ಸ್ವಲ್ಪ ಉಬ್ಬಿತು.
ಆಮೇಲೆ, ಸುಳ್ಳು ಯಾಕೆ,
ಕಲ್ಲಾಗಲು ನನಗೆ ಮನಸ್ಸಿಲ್ಲ.
ಬರುವ ಹಂಗಾಮಿನ ಮೊದಲ ಗಾಡಿ ನೋಡಬೇಕು.
ಆಲೆಮನೆಯ ಬಿಸಿ ಬೆಲ್ಲ
ಈ ಸತ್ತ ನಾಲಗೆಗೆ ಹತ್ತಬೇಕು.

ಪಕ್ಕದ ಮಂಚದ ಯತೀಶ, ನಾಗಮಂಗಲದವನು,
ಹತ್ತೊಂಬತ್ತು ವಯಸ್ಸು, ಫೋನು ಮಾಡಿದ್ದ:
'ಅಂಕಲ್, ನೀವು ಹಾಕಿದ್ರೆ ನಾನೂ ಹಾಕ್ತೀನಿ.'
ಇದನ್ನು ಯಾವ ತಟ್ಟೆಗೆ ಇಡಲಿ?

ಬೆಳಿಗ್ಗೆ ಎದ್ದು ನೋಡಿದರೆ
ಸಾಕ್ಷಿಯ ಗೆರೆಯ ಮೇಲೆ, ಪೆನ್ಸಿಲಿನಲ್ಲಿ,
ದೊಡ್ಡ ಅಕ್ಷರದಲ್ಲಿ, ಹಿಂದಿನ ಪುಟಕ್ಕೂ ಮೂಡುವಂತೆ ಒತ್ತಿ:
ಚಿಕ್ಕತಾಯಿ.
ಹೇಳಿದ್ದು ಏನೂ ಇಲ್ಲ. ಹೊರಗೆ ಬಾಗಿಲಿಗೆ ನೀರು ಹಾಕುತ್ತಿದ್ದಳು.
ಹಾಳೆಯ ಪಕ್ಕದಲ್ಲೇ
ಒಂದು ರಬ್ಬರನ್ನೂ ಇಟ್ಟಿದ್ದಳು.