ಎಡಗಾಲು

ಬೀರೂರಿನ ರೈಲ್ವೆ ಗೇಟು ಹಾಕಿತ್ತು,
ಐದು ನಿಮಿಷ ತಡವಾಗಿ ಬಂದೆ.
ಕಿಟಕಿಯಲ್ಲಿ ಇಣುಕಿದರೆ ಆರನೇ ಕ್ಲಾಸಿಗೆ
ನನಗಿಂತ ಮೊದಲೇ ನಾನು ಬಂದು ನಿಂತಿದ್ದೆ:

ಹಾಲಪ್ಪನ ಮಗ ತಿಪ್ಪೇಶಿ.
ಎದೆಗೆ ಕಟ್ಟಿದ ಕೈ, ಗಂಟಿಕ್ಕಿದ ಹುಬ್ಬು,
ಕಣ್ಣು ಗಡಿಯಾರದ ಮೇಲೆ.
ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.
ನಾನೂ ನಗುತ್ತಿದ್ದೆ,
ಅವನು ಎಡಗಾಲು ಕುಣಿಸುವವರೆಗೆ.
ಅದು ನನಗೇ ಗೊತ್ತಿರಲಿಲ್ಲ.

ಒಳಗೆ ಕಾಲಿಟ್ಟೆ. ನಗು ನಿಂತಿತು.
ಅವನ ಅಂಗೈ ತಾನಾಗಿ ಚಾಚಿತು, ಏಟಿಗೆ.

ನನ್ನ ಕೈ ಎಲ್ಲಿಡಲಿ? ಜೇಬಲ್ಲೇ? ಬೆನ್ನ ಹಿಂದೆ?
ಚಾಚಿದ ಅಂಗೈಗೆ ಸೀಮೆಸುಣ್ಣ ಕೊಟ್ಟು
ಕೊನೇ ಬೆಂಚಲ್ಲಿ ಅವನ ಜಾಗಕ್ಕೆ ಹೋಗಿ ಕೂತೆ.
ಮಂಡಿ ಗದ್ದಕ್ಕೆ ಬಂತು.
ಇಲ್ಲಿಂದ ಬೋರ್ಡು ಇಷ್ಟು ದೂರವೇ?

“ಶುರು ಮಾಡಿ, ಮೇಷ್ಟ್ರೇ.”
ತಿಪ್ಪೇಶಿ ಮೊದಲು ತಾರೀಕು ಬರೆದ, ಸೊಟ್ಟಗೆ.
ಬೆಂಚಿನಡಿ ನನ್ನ ಎಡಗಾಲು ಕುಣಿಯತೊಡಗಿತ್ತು;
ಮೆಲ್ಲಗೆ ಹಿಡಿದುಕೊಂಡೆ.