ಹದಿನೇಳನೇ ಪ್ರಶ್ನೆ

ವಾರಕ್ಕೆ ಸರಾಸರಿ ಎಷ್ಟು ಗಂಟೆ
ನಿಮ್ಮ ಹಿಡುವಳಿಗೆ ನಾಲೆ ನೀರು ಲಭ್ಯ?
ಮುಂದೆ ನಾಲ್ಕು ಚೌಕ.
ಗಂಗೋತ್ರಿಯ ಎರಡನೇ ಮಹಡಿಯಲ್ಲಿ ಕೂತು
ನಾನೂ ನೌಷೀನಳೂ ಮೂರು ಸಲ ತಿದ್ದಿದ ಪ್ರಶ್ನೆ.
'ಗದ್ದೆ' ಎಂದು ಬರೆದಿದ್ದೆವು,
'ಹಿಡುವಳಿ' ಮಾಡಿದ್ದು ಗೈಡು.

ಕಟ್ಟೆಯ ಕೆಳಗೆ ಆನೆ ಮೀಯುವಷ್ಟು ನೀರು.
ಮಂಡ್ಯದಲ್ಲಿ ಎಮ್ಮೆ. ಮದ್ದೂರು ದಾಟಿದರೆ ಮೇಕೆ.
ಹುಣಸೆಕೊಪ್ಪಲಿಗೆ ಬರುವಷ್ಟರಲ್ಲಿ
ನಾಲೆಯ ತಳದಲ್ಲಿ ಒಂಟಿ ಬಾತುಕೋಳಿ
ಕೆಸರು ಕೆದಕುತ್ತ ನಮ್ಮನ್ನೇ ನೋಡಿತು,
ನಾವೇ ತಡವಾಗಿ ಬಂದ ನೀರೇನೋ ಎಂಬಂತೆ.

ತೂಬಿನ ಕಲ್ಲಿನ ಮೇಲೆ ದುಂಡಮ್ಮ,
ಮಡಿಲಲ್ಲಿ ಎಲೆಅಡಿಕೆ, ಪಕ್ಕದಲ್ಲಿ ಸನಿಕೆ.
ಪ್ರಶ್ನೆ ಓದಿದೆ.
"ಸರಾಸರಿ ಅಂದ್ರೆ ಯಾರವ್ವ?
ಸೌಡಿ ಜವರಪ್ಪನ ಗೊತ್ತು ನಂಗೆ.
ಇವ್ನು ಯಾವೂರೋನು?"

ಆಮೇಲೆ ತಾನೇ ನಕ್ಕು, ನಿಧಾನಕ್ಕೆ:
"ಬತ್ತದೆ ಕಣವ್ವ. ಮೇಲ್ನೋರು ಮಲಗಿದ ಮೇಲೆ ಬತ್ತದೆ.
ಬ್ಯಾಟ್ರಿ ಹಿಡ್ಕಂಡು ಓಗ್ಬೇಕು, ಬೈಸ್ಕಬೇಕು,
ಏರಿ ಮ್ಯಾಲೆ ಗೋಣಿಚೀಲ ಆಸ್ಕಂಡು ಕಾಯ್ಬೇಕು.
ಕಾದಿದ್ದೂ ಲೆಕ್ಕಕ್ಕೆ ಆಕ್ತೀರಾ,
ಇಲ್ಲಾ ಬಂದಿದ್ದು ಮಾತ್ರವಾ?"

ಟ್ಯಾಬಿನಲ್ಲಿ ಕಾಯುವುದಕ್ಕೆ ಚೌಕವಿರಲಿಲ್ಲ.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯದು.
ಸೊನ್ನೆ ಒತ್ತಿದರೆ ಅದು ದುಂಡಮ್ಮನನ್ನು
ಮಳೆಯಾಶ್ರಿತ ಎಂದುಕೊಂಡು
ನಾಲೆಯ ಹನ್ನೊಂದು ಪ್ರಶ್ನೆ ಹಾರಿ
ಸೀದಾ ರಾಗಿಗೆ ಹೋಗುತ್ತದೆ.

"ಇದ ಕೇಳಕ್ಕೆ ನಿಂಗೆಷ್ಟು ಕೊಡ್ತಾರೆ?"
ಐದು ತಿಂಗಳಿಂದ ಬಂದಿಲ್ಲ ಎಂದೆ.
ದಿಲ್ಲಿಯಲ್ಲಿ ಬಿಟ್ಟಿದ್ದಾರಂತೆ, ಬೆಂಗಳೂರು ದಾಟಿದೆಯಂತೆ,
ನಮ್ಮದೇ ಹಣಕಾಸು ಶಾಖೆಯ
ಯಾವುದೋ ಮೇಜಿನ ಮೇಲೆ ನಿಂತಿದೆ.
"ಅಲ್ಲೂ ಒಬ್ಬ ಸೌಡಿ ಅವ್ನೆ ಅನ್ನು!"
ನೌಷೀನ್ ನಕ್ಕಳು. ನಾನು ನಗಲಿಲ್ಲ:
ಹಾಸ್ಟೆಲಿನ ಬಾಕಿ ನನ್ನ ಹೆಸರಲ್ಲಿತ್ತು.

ಆ ರಾತ್ರಿ ನಾವೂ ಏರಿಯ ಮೇಲೆ ಕೂತೆವು.
ಆಲೆಮನೆಯ ಬಿಸಿ ಬೆಲ್ಲದ ವಾಸನೆ, ಸೊಳ್ಳೆ,
ದೂರದಲ್ಲಿ ಯಾರದೋ ಮೊಬೈಲಿನ ತೊಗಲುಗೊಂಬೆಯಂಥ ಬೆಳಕು.
ಒಂದೂಮುಕ್ಕಾಲಿಗೆ
ನೀರಿಗಿಂತ ಮುಂಚೆ ಕಬ್ಬಿನ ತರಗು ಅಲುಗಿತು.
"ಬಂತು" ಎಂದರು ದುಂಡಮ್ಮ, ಎದ್ದು ಸೀರೆ ಎತ್ತಿ ಕಟ್ಟಿದರು.
ನೌಷೀನ್ ಗಡಿಯಾರ ಒತ್ತಿದಳು.
ಐವತ್ತೆರಡು ನಿಮಿಷ. ಆಮೇಲೆ ಮೇಲೆಲ್ಲೋ
ಯಾರೋ ಹಲಗೆ ಇಳಿಸಿದ ಸದ್ದು.

ಮೈಸೂರಿನಲ್ಲಿ ವರದಿ ಒಪ್ಪಿಸಿದೆವು.
ಒಬ್ಬರ ಮಾತು ಪುರಾವೆಯಾಗದು,
ಅನುಬಂಧಕ್ಕೆ ಹಾಕಿ ಎಂದರು ಗೈಡು.
ಕೆಟ್ಟವರಲ್ಲ. ಕಾಫಿ ಕೊಡಿಸಿದರು.
ನೀತಿಯ ಸಾರಾಂಶ ಎರಡೇ ಪುಟವಿರಬೇಕಂತೆ;
ಅದರ ಮೇಲಿನದನ್ನು ಯಾರೂ ಓದುವುದಿಲ್ಲ.
ಅನುಬಂಧವೆಂದರೆ
ಪುಸ್ತಕದ ಹುಣಸೆಕೊಪ್ಪಲು.

ಮೊನ್ನೆ ರಾತ್ರಿ ಫೋನು ಹೊಡೆದುಕೊಂಡಿತು.
"ಮಲಗಿದ್ಯಾ? ಏನಿಲ್ಲ. ನಿಂದು ಬಂತಾ?"
ಎರಡು ತಿಂಗಳದ್ದು ಬಂತು ಎಂದೆ. ನಿಮ್ಮದು?
ಅವರು ಹೇಳಲಿಲ್ಲ, ಬೆಲ್ಲದ ರೇಟು ಹೇಳಿದರು.
ಅವರ ದನಿಯ ಹಿಂದೆ
ಕಪ್ಪೆಗಳು ಒಂದೇ ಸಮ.

ದೀಪ ಹಾಕಿ ಗಂಟೆ ನೋಡಿದೆ:
ಎರಡೂಕಾಲು.
ಹಾಸ್ಟೆಲ್ ಬಾಕಿಯ ರಸೀದಿ ಕೈಗೆ ಸಿಕ್ಕಿತು,
ಅದರ ಬೆನ್ನಿಗೇ ಬರೆದುಕೊಂಡೆ.